ಕಾಶಿಯಲ್ಲಿ ‘ಓಂ’

ಹೊರನಾಡಿನಲ್ಲಿ ಇಬ್ಬರು ಕನ್ನಡಿಗರು ಸಿಕ್ಕರೆ ಮೊದಲ ಐದು ನಿಮಿಷ ಊರು, ತಾಲ್ಲೂಕು, ‘ಅಲ್ಲಿ ಇಂಥವರು ಗೊತ್ತಾ’ ಎನ್ನುವ ವಿಚಾರಣೆಯಲ್ಲಿ ಹೋಗುತ್ತದೆ. ಆರನೇ ನಿಮಿಷಕ್ಕೆ ಮಾತು ಸಿನಿಮಾಕ್ಕೆ ಬಂದಿರುತ್ತದೆ. ಸಾಹಿತ್ಯಕ್ಕೆ ಬರಬಾರದೇ ಎಂದು ನನ್ನಂಥವರಿಗೆ ಒಳಗೊಳಗೇ ಆಸೆ ಇದ್ದರೂ ಬರುವುದು ಸಿನಿಮಾಕ್ಕೇ. ಬ್ಯಾಂಕಿನ ವರ್ಗಾವಣೆಯ ದೆಸೆಯಿಂದ ಬನಾರಸಿಗೆ ಬಂದು ಇಲ್ಲೇ ಬೀಡುಬಿಟ್ಟಿರುವ ನಾನು ಇಷ್ಟು ವರ್ಷಗಳಲ್ಲಿ ಕಂಡುಕೊಂಡದ್ದೇನೆಂದರೆ, ಪುರೋಹಿತರಿಂದ ಹಿಡಿದು ಪಿಎಚ್.ಡಿ. ಹುಡುಗರವರೆಗೆ ಇಲ್ಲಿಯ ಪ್ರತಿಯೊಬ್ಬ ಕನ್ನಡಿಗನೂ ಖಚಿತವಾದ ಅಭಿಪ್ರಾಯ ಇಟ್ಟುಕೊಂಡಿರುವ ಚಿತ್ರ ಒಂದೇ ಒಂದು: ಉಪೇಂದ್ರ ನಿರ್ದೇಶಿಸಿದ ‘ಓಂ’. ದೋಣಿಯ ಮೂತಿಯ ಮೇಲೆ, ಘಾಟಿನ ಗೋಡೆಯ ಮೇಲೆ, ಪಾನ್ ಅಂಗಡಿಯ ಹಲಗೆಯ ಮೇಲೆ ಓಂ ಎಂದು ಬರೆದಿರುವ ಊರಿನಲ್ಲಿ ನಿಂತು ‘ಓಂ ನೋಡಿದ್ದೀರಾ’ ಎಂದು ಕೇಳುವುದು ಸ್ವಲ್ಪ ವಿಚಿತ್ರವೇ. ಆದರೆ ಕನ್ನಡಿಗ ತಡವರಿಸುವುದಿಲ್ಲ. ‘ಎಷ್ಟು ಸಲ ಅಂತ ಕೇಳಿ’ ಅನ್ನುತ್ತಾನೆ.

ನಿಮಗೆ ಗೊತ್ತಿರುವುದನ್ನೇ ನಾಲ್ಕು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಚಿತ್ರ ತೆರೆ ಕಂಡದ್ದು 1995ರ ಮೇ ತಿಂಗಳಲ್ಲಿ. ನಿರ್ಮಾಪಕಿ ಪಾರ್ವತಮ್ಮ ರಾಜ್‌ಕುಮಾರ್, ಕ್ಯಾಮೆರಾ ಬಿ.ಸಿ. ಗೌರಿಶಂಕರ್, ಸಂಗೀತ ಹಂಸಲೇಖ. ಶಿವರಾಜ್‌ಕುಮಾರ್ ಸತ್ಯ ಎಂಬ ರೌಡಿ, ಪ್ರೇಮಾ ನಾಯಕಿ. ಪುರೋಹಿತರ ಮನೆಯ ಹುಡುಗನೊಬ್ಬ ಪ್ರೀತಿಯ ಕಾರಣಕ್ಕೆ ಬೆಂಗಳೂರಿನ ಭೂಗತ ಲೋಕಕ್ಕೆ ಇಳಿಯುವ ಕಥೆ. ಬೆಂಗಳೂರಿನ ನಿಜವಾದ ರೌಡಿಗಳೇ ಕೆಲವರು ಇದರಲ್ಲಿ ಬಣ್ಣ ಹಚ್ಚಿದರು. ಐನೂರಕ್ಕೂ ಹೆಚ್ಚು ಸಲ ಮರುಬಿಡುಗಡೆಯಾಯಿತು ಎಂದು ಅಭಿಮಾನಿಗಳು ಲೆಕ್ಕ ಕೊಡುತ್ತಾರೆ. ಗಾಂಧಿನಗರದ ಕಪಾಲಿಯಲ್ಲಿ ಅದು ಮತ್ತೆ ಮತ್ತೆ ಬರುತ್ತಿತ್ತು. ಆ ಚಿತ್ರಮಂದಿರವೇ 2017ರಲ್ಲಿ ಮುಚ್ಚಿತು. ಟೀವಿಯವರ ಕೈಗೆ ಚಿತ್ರ ಸಿಕ್ಕಿದ್ದು ಇಪ್ಪತ್ತು ವರ್ಷ ಕಾದ ಮೇಲೆ, 2015ರಲ್ಲಿ. ನಮ್ಮಂಥ ಹೊರಗಿನವರ ಮನೆಯೊಳಗೆ ಅದು ನಿಜವಾಗಿ ಕಾಲಿಟ್ಟದ್ದು ಆವಾಗಲೇ ಅನ್ನಬೇಕು.

ಊರಿನಲ್ಲಿ ಈ ಚಿತ್ರವನ್ನು ಹೊಗಳುವವರು ಹೊಗಳುವುದು ಬಹುಮಟ್ಟಿಗೆ ಆ ನಿಜವಾದ ರೌಡಿಗಳನ್ನು, ಆ ಲಾಂಗನ್ನು, ಆಮೇಲೆ ಕಥೆಯನ್ನು ಹಿಂದುಮುಂದು ಮಾಡಿ ಹೇಳಿದ ಉಪೇಂದ್ರರ ಜಾಣತನವನ್ನು. ಇಲ್ಲಿ ನನ್ನ ಕಿವಿಗೆ ಬಿದ್ದ ಅಭಿಪ್ರಾಯಗಳು ಬೇರೆ ಥರದವು. ಅವು ರೌಡಿಯ ಸುತ್ತ ತಿರುಗುವುದಿಲ್ಲ, ಅವನು ಬಿಟ್ಟು ಬಂದ ಮನೆಯ ಸುತ್ತ ತಿರುಗುತ್ತವೆ. ನನಗೆ ಕ್ರಮೇಣ ಅನ್ನಿಸಿದ್ದೂ ಹಾಗೇ. ಈ ಚಿತ್ರ ಮೂರು ದಶಕ ಬದುಕಿದ್ದರೆ ಅದಕ್ಕೆ ಕಾರಣ ಲಾಂಗಲ್ಲ, ಆ ಮನೆ.

ಇಲ್ಲಿಯ ನಾವು ಯಾರು ಅಂತ ಸ್ವಲ್ಪ ಹೇಳಬೇಕು. ಕಾಶಿಯಲ್ಲಿ ಹರಿಶ್ಚಂದ್ರ ಘಾಟಿಗೆ ಅಂಟಿಕೊಂಡೇ ಮೈಸೂರು ಸಂಸ್ಥಾನ ಕಟ್ಟಿಸಿದ ಕರ್ನಾಟಕ ಘಾಟ್ ಇದೆ. ಅದರಾಚೆ ಹನುಮಾನ್ ಘಾಟ್. ಆ ಓಣಿಗಳಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಕೇಳುತ್ತವೆ. ಯಾತ್ರೆಗೆ ಬರುವ ನಮ್ಮವರಿಗೆ ಪಿತೃಕಾರ್ಯ ಮಾಡಿಸುವ ಕೆಲವು ಮನೆತನಗಳು ಇಲ್ಲಿವೆ. ಗೋದೌಲಿಯಾ ಕಡೆಗೆ ಹೋದರೆ ಜಂಗಮವಾಡಿ ಮಠ. ಅಲ್ಲಿ ಸಂಸ್ಕೃತ ಓದಲು ಬಂದಿರುವ ಕಲ್ಯಾಣ ಕರ್ನಾಟಕದ, ಸೊಲ್ಲಾಪುರದ ಹುಡುಗರು. ದಕ್ಷಿಣಕ್ಕೆ ಬಂದರೆ ಹಿಂದೂ ವಿಶ್ವವಿದ್ಯಾಲಯ. ಅದರ ಹಾಸ್ಟೆಲುಗಳಲ್ಲಿ ಎಲ್ಲ ಜಿಲ್ಲೆಗಳ ವಿದ್ಯಾರ್ಥಿಗಳೂ ಇದ್ದಾರೆ. ಇವರೆಲ್ಲ ಒಟ್ಟಿಗೆ ಸೇರುವುದು ಅಪರೂಪ. ಸೇರಿದರೆ ಉಪ್ಪಿಟ್ಟು ಆಗಬೇಕು, ಜಗಳ ಆಗಬೇಕು.

ಮೊದಲನೆಯ ಅಭಿಪ್ರಾಯ ನಮ್ಮ ಓಣಿಯ ಆಚಾರ್ಯರದು. ಮೂಲ ಬಾಗಲಕೋಟೆ ಕಡೆಯವರು, ಎಪ್ಪತ್ತು ದಾಟಿದೆ. ನಲವತ್ತು ವರ್ಷದಿಂದ ಗಂಗೆಯ ಮೆಟ್ಟಿಲ ಮೇಲೆ ಊರಿನವರ ಅಪ್ಪ ಅಜ್ಜಂದಿರಿಗೆ ಪಿಂಡ ಹಾಕಿಸುತ್ತಿದ್ದಾರೆ. ಅವರು ‘ಓಂ’ ನೋಡುವ ಕ್ರಮವೇ ವಿಶೇಷವಾದದ್ದು. ಮೊಮ್ಮಗನನ್ನು ಕೂರಿಸಿಕೊಂಡು ರೌಡಿ ಭಾಗವನ್ನೆಲ್ಲ ಓಡಿಸಿಬಿಡುತ್ತಾರೆ. ಸತ್ಯ ಇನ್ನೂ ರೌಡಿಯಾಗದೆ ಅಪ್ಪನ ಮನೆಯಲ್ಲಿರುವ ಭಾಗ ಬಂದಾಗ ‘ಹಾಂ, ನಿಲ್ಲಸು’ ಅನ್ನುತ್ತಾರೆ. ರಾಜ್‌ಕುಮಾರ್ ದನಿಯ ಆ ಎರಡು ಭಕ್ತಿಗೀತೆಗಳಿವೆಯಲ್ಲ, ಅವನ್ನು ಕಣ್ಣು ಮುಚ್ಚಿ ಕೇಳುತ್ತಾರೆ. ಆಮೇಲೆ ಟೀವಿ ಬಂದ್.

‘ಈ ಹುಡುಗ ನಮ್ಮ ಮನ್ಯಾಂವ ರಾಯರ. ಮುಂದ ಬರ್ತಾನಲ್ಲ ಕತ್ತಿ ಹಿಡಕೊಂಡು, ಅಂವ ಯಾರೋ ನನಗ ಗೊತ್ತಿಲ್ಲ’ ಎಂದರು ಒಮ್ಮೆ. ‘ಇಲ್ಲಿಂದನ ಶುರು ಮಾಡಬೇಕಿತ್ತು ಸಿನಿಮಾ. ಮೊದಲ ಹುಡುಗನ್ನ ತೋರಸ್ರಿ, ಆಮ್ಯಾಲೆ ಕೆಟ್ಟದ್ದು ತೋರಸ್ರಿ. ಇದೇನು, ಹೆಣಾ ಮೊದಲ ಎತ್ತಿ ಜಾತಕರ್ಮ ಆಮ್ಯಾಲೆ ಮಾಡಿಧಂಗ!’

ನಗುವ ಮಾತಲ್ಲ ಇದು. ಚಿತ್ರದ ರಚನೆಯ ಬಗ್ಗೆ ಇಷ್ಟು ನೇರವಾದ ಆಕ್ಷೇಪಣೆಯನ್ನು ನಾನು ಯಾವ ವಿಮರ್ಶೆಯಲ್ಲೂ ಓದಿಲ್ಲ. ಯಾಕೆಂದರೆ ‘ಓಂ’ ಚಿತ್ರದ ಗುಟ್ಟೆಲ್ಲ ಇರುವುದೇ ಈ ಅದಲುಬದಲಿನಲ್ಲಿ. ಮೊದಲು ನಾವು ನೋಡುವುದು ಒಬ್ಬ ಹುಡುಗಿಯ ಬೆನ್ನು ಬಿದ್ದು, ಅವಳ ಮನೆಯವರನ್ನೂ ಹೆದರಿಸುವ ರೌಡಿಯನ್ನು. ಅವನ ಮೇಲೆ ನಮಗೆ ಸಿಟ್ಟು ಬರಬೇಕು, ಬರುತ್ತದೆ. ಆಮೇಲೆ ಹಿಂದಿನ ಕಥೆ ತೆರೆದುಕೊಳ್ಳುತ್ತದೆ. ಆ ಹುಡುಗಿಯೇ ಹಿಂದೆ ಇವನ ಪ್ರೀತಿಯನ್ನು ತನ್ನ ಕೆಲಸಕ್ಕೆ ಬಳಸಿಕೊಂಡು ಇವನನ್ನು ಆ ದಾರಿಗೆ ಹಚ್ಚಿದವಳು ಎಂದು ಗೊತ್ತಾಗುತ್ತದೆ. ನಮ್ಮ ಸಿಟ್ಟು ನಮಗೇ ತಿರುಗುತ್ತದೆ. ಛೇ, ಪಾಪದ ಹುಡುಗನನ್ನು ಅಪಾರ್ಥ ಮಾಡಿಕೊಂಡೆವಲ್ಲ ಎಂದು ಕಣ್ಣು ಒದ್ದೆಯಾಗುತ್ತದೆ. 1995ರಲ್ಲಿ ಕನ್ನಡದ ಜನಪ್ರಿಯ ಚಿತ್ರದಲ್ಲಿ ಇಂಥ ಕಟ್ಟಡ ಹೊಸತು. ಈಗಲೂ ಅದರ ಕೀಲುಗಳು ಸಡಿಲಾಗಿಲ್ಲ.

ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಮಂಡ್ಯದ ಹುಡುಗನೊಬ್ಬ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಾನೆ. ಆಚಾರ್ಯರ ಮಾತು ಹೇಳಿದೆ. ಅವನಿಗೆ ತಡೆಯಲಾಗಲಿಲ್ಲ. ‘ಅದೆಂಗಾಯ್ತದೆ ಸಾರ್? ನೆಟ್ಟಗೆ ಹೇಳ್ಬುಟ್ರೆ ಅದು ಬರೀ ಗೋಳಿನ ಕಥೆ. ಶಿವಣ್ಣ ಲಾಂಗ್ ಹಿಡ್ಕಂಡು ಬಂದು ನಿಂತ್ಕಂಡಾಗ ಯಾಕಿಂಗಾದ ಇವ್ನು ಅನ್ನಿಸ್ಬೇಕಲ್ವಾ? ಆ ಯಾಕೆ ಅನ್ನೋದ್ರಲ್ಲೇ ಪಿಚ್ಚರ್ ಓಡ್ತಿರದು.’ ಇದೂ ಸರಿಯಾದ ಮಾತೇ. ಅವನ ವಯಸ್ಸಿನವರಿಗೆ ಈ ಚಿತ್ರ ಅಪ್ಪಂದಿರಿಂದ ಬಂದ ಆಸ್ತಿ. ಇವನು ಹುಟ್ಟುವ ಮುಂಚೆಯೇ ಬಿಡುಗಡೆಯಾದ ಚಿತ್ರದ ಮೊದಲ ದಿನದ ಮೊದಲ ಆಟದ ಬಗ್ಗೆ, ಕಣ್ಣಾರೆ ಕಂಡವನ ಹಾಗೆ ಮಾತಾಡುತ್ತಾನೆ.

ಆವತ್ತು ಊಟಕ್ಕೆ ಇನ್ನೊಬ್ಬಳೂ ಇದ್ದಳು, ಅದೇ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವ ಬೀದರಿನ ಹುಡುಗಿ. ಅನ್ನ ಕಲಸುತ್ತಿದ್ದವಳು ತಲೆ ಎತ್ತದೆಯೇ ಕೇಳಿದಳು: ‘ಅಕಿ ಮೊದಲ ಮೋಸ ಮಾಡಿದ್ಳು ಅಂತ ಗೊತ್ತಾತು, ಸರಿ. ಹಂಗಾದ್ರ ಅಂವ ಅಕಿ ಹಿಂದ ಹಿಂದ ಬಂದು ಕಾಡಿದ್ದು ಮಾಫ್ ಆತೇನು?’

ಮಂಡ್ಯದ ಹುಡುಗ ‘ಇದು ಸಿನಿಮಾ ಕಣಮ್ಮ’ ಎಂದ. ‘ಸಿನಿಮಾ ನಿಮಗ. ನಾನು ದಿನಾ ಲಂಕಾದಿಂದ ಹಾಸ್ಟೆಲ್‌ಗೆ ನಡಕೊಂಡು ಬರೋಳು’ ಎಂದಳು. ಲಂಕಾ ಎಂದರೆ ವಿಶ್ವವಿದ್ಯಾಲಯದ ಹೆಬ್ಬಾಗಿಲಿನ ಮುಂದಿನ ಬಡಾವಣೆ, ನೀವು ಬೇರೇನೋ ಅಂದುಕೊಳ್ಳಬೇಡಿ.

ನನ್ನ ತೂಕ ಬೀಳುವುದು ಈ ಹುಡುಗಿಯ ಕಡೆಗೆ. ಚಿತ್ರದ ರಚನೆ ಹೊಸತು, ನಿಜ. ಆದರೆ ಆ ರಚನೆ ಒಬ್ಬ ಚಾಲಾಕಿ ವಕೀಲನ ಹಾಗೆ ಕೆಲಸ ಮಾಡುತ್ತದೆ. ಯಾವ ಸಾಕ್ಷಿಯನ್ನು ಯಾವಾಗ ಕಟಕಟೆಗೆ ಕರೆಯಬೇಕು ಎನ್ನುವುದು ಅದಕ್ಕೆ ಚೆನ್ನಾಗಿ ಗೊತ್ತು. ಹುಡುಗನ ತಪ್ಪನ್ನು ಮೊದಲು ತೋರಿಸಿ, ಹುಡುಗಿಯ ತಪ್ಪನ್ನು ಆಮೇಲೆ ತೋರಿಸಿದರೆ, ಎರಡನೆಯದು ಮೊದಲನೆಯದನ್ನು ಅಳಿಸಿಹಾಕುತ್ತದೆ. ಆಚಾರ್ಯರು ಹೇಳಿದಂತೆ ನೇರವಾಗಿ ಹೇಳಿದ್ದರೆ ಏನಾಗುತ್ತಿತ್ತು? ಮೊದಲು ಅವಳ ಮೋಸ, ಆಮೇಲೆ ಅವನ ಕಾಟ. ಆಗ ಕೊನೆಯಲ್ಲಿ ನಮ್ಮ ಕಣ್ಣ ಮುಂದೆ ಉಳಿಯುತ್ತಿದ್ದುದು ಬೆದರಿದ ಹುಡುಗಿಯ ಮುಖ. ಒಬ್ಬ ವೃದ್ಧ ಪುರೋಹಿತರು ಶಾಸ್ತ್ರದ ಕ್ರಮಕ್ಕಾಗಿ ಕೇಳಿದ್ದನ್ನೇ ಒಬ್ಬ ಇಪ್ಪತ್ತೆರಡು ವರ್ಷದ ಹುಡುಗಿ ನ್ಯಾಯಕ್ಕಾಗಿ ಕೇಳಿದಂತಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ.

‘ಓಂ’ ಆದ ಮೇಲೆ ಕನ್ನಡದಲ್ಲಿ ಬಂದ ರೌಡಿ ಚಿತ್ರಗಳ ಸಾಲನ್ನು ನೋಡಿದರೆ ಈ ಮಾತಿನ ತೂಕ ಇನ್ನೂ ತಿಳಿಯುತ್ತದೆ. ಅವುಗಳಲ್ಲಿ ಎಷ್ಟೋ ಉಪೇಂದ್ರರ ಕಟ್ಟಡವನ್ನು ಬಿಟ್ಟು ಬರೀ ಕಾಟವನ್ನು ಎತ್ತಿಕೊಂಡವು. ಅದಕ್ಕೆ ‘ಓಂ’ ಚಿತ್ರವನ್ನು ಪೂರ್ತಿ ಹೊಣೆ ಮಾಡುವುದು ತಪ್ಪಾದೀತು, ಪೂರ್ತಿ ಬಿಡುಗಡೆ ಮಾಡುವುದೂ ತಪ್ಪು. ಇನ್ನು ಆ ನಿಜವಾದ ರೌಡಿಗಳ ವಿಷಯ. ನನಗೇನೋ ಚಿತ್ರದಲ್ಲಿ ಈಗ ಹಳತಾಗಿ ಕಾಣುವ ಭಾಗ ಅದೇ. ಬೆಂಗಳೂರಿನ ಭೂಗತ ಲೋಕ ಹೇಗೆ ನಡೆಯಿತು ಎಂದು ತಿಳಿಯಬೇಕಾದರೆ ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಇದೆ, ಅದನ್ನು ಆಧರಿಸಿ ಕೆ.ಎಂ. ಚೈತನ್ಯ 2007ರಲ್ಲಿ ಮಾಡಿದ ‘ಆ ದಿನಗಳು’ ಇದೆ. ಕೊತ್ವಾಲ್, ಜಯರಾಜ್‌ರ ಕಾಲವನ್ನು ಅದು ತಣ್ಣಗೆ, ದನಿ ಏರಿಸದೆ ಹೇಳುತ್ತದೆ. ನಿಜವಾದ ರೌಡಿ ಬಂದು ಕ್ಯಾಮೆರಾದ ಮುಂದೆ ನಿಂತ ಮಾತ್ರಕ್ಕೆ ರೌಡಿಲೋಕದ ನಿಜ ಬಂದುಬಿಡುವುದಿಲ್ಲ. ಬಂದದ್ದು ಸುದ್ದಿ. ಆ ಸುದ್ದಿಗೆ ಈಗ ಮೂವತ್ತು ವರ್ಷ.

ನಮ್ಮ ಮನೆ ಮಾಲೀಕರು ನಿವೃತ್ತ ಹಿಂದಿ ಮೇಷ್ಟ್ರು, ಅಪ್ಪಟ ಬನಾರಸಿ. ಅವರಿಗೆ ‘ಓಂ’ ಗೊತ್ತಿಲ್ಲ, ಅದರ ಹಿಂದಿ ಅವತಾರ ಗೊತ್ತು. 1997ರಲ್ಲಿ ಉಪೇಂದ್ರರೇ ‘ಓಂಕಾರಂ’ ಎಂದು ತೆಲುಗಿನಲ್ಲಿ ಮಾಡಿದ ಮೇಲೆ, 1999ರಲ್ಲಿ ರಾಹುಲ್ ರವೈಲ್ ಅದನ್ನು ‘ಅರ್ಜುನ್ ಪಂಡಿತ್’ ಎಂದು ಹಿಂದಿಗೆ ತಂದರು. ಸನ್ನಿ ದೇವಲ್, ಜೂಹಿ ಚಾವ್ಲಾ. ಅಲ್ಲಿ ನಾಯಕ ಹರಿದ್ವಾರದ ಮೇಷ್ಟ್ರು. ಗಂಗೆಯೇನೋ ಬಂದಳು, ಆದರೆ ಪುರೋಹಿತರ ಮನೆ ಹೋಯಿತು. ಮೂಲ ಚಿತ್ರವನ್ನು ನಾನು ಅಲ್ಲಲ್ಲಿ ಅನುವಾದಿಸುತ್ತಾ ತೋರಿಸಿದೆ. ಮಾಲೀಕರು ಪಾನ್ ಅಗಿಯುತ್ತ ಸಮಾಧಾನವಾಗಿ ನೋಡಿದರು. ಕೊನೆಗೆ ಅವರು ಕೇಳಿದ್ದು: ‘ಇವನು ಯಾಕೆ ಇಷ್ಟು ನಾಚಿಕೊಳ್ಳುತ್ತಾನೆ?’

ನನಗೆ ಅರ್ಥವಾಗಲಿಲ್ಲ. ಅವರು ವಿವರಿಸಿದರು. ಬನಾರಸಿನ ಗೂಂಡಾಗೆ ನಾಚಿಕೆ ಇಲ್ಲ. ಇದೇ ಊರಿನವರಾದ ಜಯಶಂಕರ ಪ್ರಸಾದರು ‘ಗುಂಡಾ’ ಎಂಬ ಹೆಸರಿನ ಕಥೆಯನ್ನೇ ಬರೆದಿದ್ದಾರೆ. 1781ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂದು ರಾಜಾ ಚೇತ್‌ಸಿಂಗನನ್ನು ಶಿವಾಲಾದ ಅರಮನೆಯಲ್ಲಿ ಸೆರೆಯಲ್ಲಿಟ್ಟ ಕಾಲದ ಕಥೆ ಅದು. ನನ್ಹಕೂ ಸಿಂಗ್ ಒಳ್ಳೆಯ ಮನೆಯ ಮಗ. ಪ್ರೀತಿಸಿದವಳು ಕೈಗೆ ಸಿಗದೆ ಗೂಂಡಾ ಆದವನು. ಕೊನೆಗೆ ಅವಳಿಗಾಗಿ, ಅವಳ ಮಗ ರಾಜನಿಗಾಗಿ ಕತ್ತಿ ಹಿಡಿದು ನಿಂತು ತುಂಡು ತುಂಡಾಗುತ್ತಾನೆ. ಆ ಅರಮನೆ ನಮ್ಮ ಕರ್ನಾಟಕ ಘಾಟಿನಿಂದ ಕೆಲವೇ ಘಾಟುಗಳ ಆಚೆ ಈಗಲೂ ನಿಂತಿದೆ. ಸಂಜೆ ನಾನು ಅದರ ಕೆಳಗೇ ನಡೆದು ಹೋಗುತ್ತೇನೆ. ಒಳ್ಳೆಯ ಮನೆತನ, ಪ್ರೀತಿ, ಕತ್ತಿ, ಮೂರೂ ‘ಓಂ’ ಚಿತ್ರದಲ್ಲೂ ಇವೆ. ಆದರೆ ನನ್ಹಕೂ ಮನೆಯ ಕಡೆ ತಿರುಗಿ ನೋಡುವುದಿಲ್ಲ. ಇಡೀ ಊರೇ ಅವನ ಮನೆ. ನಮ್ಮ ಸತ್ಯನಿಗೆ ಬೆಂಗಳೂರು ಪೂರ್ತಿ ಹೆದರಿದರೂ ಅಪ್ಪನ ಹೊಸ್ತಿಲು ದಾಟಲು ಕಾಲು ಬರುವುದಿಲ್ಲ. ಮಾಲೀಕರು ನಾಚಿಕೆ ಅಂದದ್ದು ಇದಕ್ಕೆ.

ಇದರ ಜೊತೆಗೇ ಅವರು ‘ಗ್ಯಾಂಗ್ಸ್ ಆಫ್ ವಾಸೇಪುರ್’ ಎತ್ತಿದರು. 2012ರಲ್ಲಿ ಅನುರಾಗ್ ಕಶ್ಯಪ್ ಎರಡು ಭಾಗಗಳಲ್ಲಿ ಮಾಡಿದ, ಒಟ್ಟು ಐದು ತಾಸು ದಾಟುವ ಚಿತ್ರ. ಕಥೆ ಧನಬಾದಿನ ಕಲ್ಲಿದ್ದಲಿನದಾದರೂ ಅದರಲ್ಲಿ ಪಿಸ್ತೂಲು ಕೊಳ್ಳಲು ಬರುವುದು ಬನಾರಸಿಗೆ. ಈ ಊರಿನವರಿಗೆ ಅದರ ಬಗ್ಗೆ ಒಂಥರಾ ಕಳ್ಳಹೆಮ್ಮೆ. ಪಾನ್ ಅಂಗಡಿಯಲ್ಲಿ ಅದರ ಮಾತುಗಳನ್ನು ಒಪ್ಪಿಸುವ ಹುಡುಗರು ಸಿಗುತ್ತಾರೆ, ನಮ್ಮಲ್ಲಿ ‘ಓಂ’ ಚಿತ್ರದ್ದು ಒಪ್ಪಿಸುವ ಹಾಗೆ. ಆದರೆ ಅವರು ಒಪ್ಪಿಸುವಾಗ ನಗುತ್ತಾರೆ. ಮೂರು ತಲೆಮಾರು ಸೇಡು ತೀರಿಸಿಕೊಂಡು ಸಾಯುವವರನ್ನು ಕಂಡು ನಗಲು ಒಂದು ದೂರ ಬೇಕು. ಆ ಚಿತ್ರ ಅದನ್ನು ಕೊಡುತ್ತದೆ. ತಾನು ಇಷ್ಟು ವರ್ಷ ಬದುಕಿ ಉಳಿದದ್ದು ಸಿನಿಮಾ ನೋಡದ್ದರಿಂದ ಎಂದು ಅದರ ಖಳನ ಬಾಯಲ್ಲೇ ಹೇಳಿಸಿದ್ದಾರೆ. ‘ಓಂ’ ನಗಲು ಬಿಡುವುದಿಲ್ಲ. ಅದು ನೋಡುವವನ ಕೈ ಹಿಡಿದು ಒಳಮನೆಗೆ ಎಳೆದುಕೊಂಡು ಹೋಗುತ್ತದೆ. ಕಲೆಯಾಗಿ ‘ವಾಸೇಪುರ್’ ಹೆಚ್ಚು ತಿಳಿವಳಿಕೆಯ ಚಿತ್ರ, ಅನುಮಾನವಿಲ್ಲ. ಆದರೆ ಮನೆ ಬಿಟ್ಟು ಬಂದವನಿಗೆ ರಾತ್ರಿ ಹತ್ತು ಗಂಟೆಗೆ ಯಾವುದು ಬೇಕಾಗುತ್ತದೆ ಎಂದು ಕೇಳಿದರೆ ಉತ್ತರ ಬೇರೆ.

ಇದಕ್ಕೆ ಇನ್ನೊಂದು ಎಳೆಯೂ ಇದೆ. ಕನ್ನಡಿಗರ ಕಣ್ಣಿನ ಕಾಶಿ ಯಾವುದು? ರಾಘವಾಂಕನದು ಅನ್ನಬಹುದು, ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಅದು 1965ರ ‘ಸತ್ಯ ಹರಿಶ್ಚಂದ್ರ’ ಚಿತ್ರದ ಕಾಶಿ. ವೀರಬಾಹು, ಮಸಣ, ಕೈಯಲ್ಲಿ ಕೋಲು ಹಿಡಿದು ನಿಂತ ರಾಜ್‌ಕುಮಾರ್. ಯಾತ್ರೆಗೆ ಬಂದವರು ಹರಿಶ್ಚಂದ್ರ ಘಾಟಿನಲ್ಲಿ ಹೊಗೆ ನೋಡಿ ಮೊದಲು ನೆನೆಯುವುದು ಅವರನ್ನೇ. ಸತ್ಯಕ್ಕಾಗಿ ಮನೆ ಮಠ ಕಳೆದುಕೊಂಡ ಅಪ್ಪ. ಮೂವತ್ತು ವರ್ಷದ ಮೇಲೆ ಸತ್ಯ ಎಂಬ ಹೆಸರಿಟ್ಟುಕೊಂಡು ಮನೆ ಕಳೆದುಕೊಂಡ ಮಗ. ಉಪೇಂದ್ರ ಇದನ್ನು ಉದ್ದೇಶಿಸಿದ್ದರೆಂದು ನಾನು ವಾದಿಸುವುದಿಲ್ಲ. ಆದರೆ ನೋಡುವವರ ನೆನಪಿನಲ್ಲಿ ಇಂಥವೆಲ್ಲ ಒಂದರ ಪಕ್ಕ ಒಂದು ಕೂತಿರುತ್ತವೆ.

ಇಲ್ಲಿಗೆ ಬಂದು ನಾನು ಮರೆತೇಹೋಗಲಾರದ ಒಂದು ಪದ ಹೇಳಬೇಕು. ಬಾಹುಬಲಿ. ನಮಗೆ ಬಾಹುಬಲಿ ಎಂದರೆ ಶ್ರವಣಬೆಳಗೊಳ. ಗೆದ್ದದ್ದನ್ನೂ ಬಿಟ್ಟುಕೊಟ್ಟು ನಿಂತವನು. ಇಲ್ಲಿಯ ಹಿಂದಿ ಪತ್ರಿಕೆಗಳಲ್ಲಿ ಬಾಹುಬಲಿ ಎಂದರೆ ಪೂರ್ವಾಂಚಲದ ಡಾನ್. ಗುತ್ತಿಗೆ, ಬಂದೂಕು, ಚುನಾವಣೆ ಮೂರನ್ನೂ ಒಂದೇ ಕೈಯಲ್ಲಿ ಹಿಡಿದವನು. ಕೊಟ್ಟವನಿಗೆ ಇಟ್ಟ ಹೆಸರು ಕಿತ್ತುಕೊಂಡವನಿಗೆ ಹೋಗಿದೆ. ಮೊದಮೊದಲು ಪತ್ರಿಕೆ ಓದುವಾಗ ಇದೇನು ಗೊಮ್ಮಟನ ಮೇಲೆ ಕೊಲೆ ಕೇಸು ಎಂದು ಗಾಬರಿಯಾಗುತ್ತಿತ್ತು.

ಈ ಪದ ಯಾಕೆ ಹೇಳಿದೆ ಎಂದರೆ, ಆಚಾರ್ಯರ ಕಿರಿಯ ಮಗ ಅಂಥವರೊಬ್ಬರ ಹಿಂಬಾಲಕನಾಗಿದ್ದಾನೆ. ವೇದಪಾಠ ಅರ್ಧಕ್ಕೆ ಬಿಟ್ಟ. ಕುತ್ತಿಗೆಗೆ ಕೇಸರಿ ಗಮಛಾ, ಬಿಳಿ ಬೊಲೇರೋದ ಹಿಂದಿನ ಸೀಟು, ‘ಭೈಯಾಜಿ’ಯ ಸಭೆಗಳಿಗೆ ಜನ ಕೂಡಿಸುವ ಕೆಲಸ. ಇಲ್ಲಿಯವರೆಗೆ ಯಾರ ಮೈಮೇಲೂ ಕೈ ಮಾಡಿಲ್ಲ ಎಂದು ಮನೆಯವರು ಹೇಳುತ್ತಾರೆ. ಹೇಳುವಾಗ ‘ಇಲ್ಲಿಯವರೆಗೆ’ ಎಂಬ ಪದವನ್ನು ಬಿಡುವುದಿಲ್ಲ. ಆಚಾರ್ಯರು ರೌಡಿ ಭಾಗವನ್ನು ಓಡಿಸಿಬಿಡುವುದು ಯಾಕೆಂದು ನನಗೆ ತಿಳಿದದ್ದು ಇದು ಗೊತ್ತಾದ ಮೇಲೆ.

ಒಂದು ದಿನ ಆ ಹುಡುಗನನ್ನೇ ಕೇಳಿದೆ, ‘ಓಂ’ ನೋಡಿದ್ದೀಯಾ ಅಂತ. ಅವನ ಕನ್ನಡ ಬನಾರಸಿ ಹಿಂದಿಯಲ್ಲಿ ಮಿಂದ ಕನ್ನಡ. ‘ನೋಡಿದ್ದೀನಿ ಅಂಕಲ್. ಪಿಚ್ಚರ್ ಛಲೋ ಅದ. ಆದರ ಆ ಸತ್ಯ ಶಾಣ್ಯಾ ಇಲ್ಲ. ಒಬ್ಬ ಹುಡುಗಿ ಸಲುವಾಗಿ ಅಷ್ಟೆಲ್ಲ ಮಾಡಿದ, ಏನು ಸಿಕ್ತು? ಒಂದು ಠೇಕಾ ಇಲ್ಲ, ಒಂದು ಗಾಡಿ ಇಲ್ಲ. ಮತ್ತ ಮನಿ ಮನಿ ಅಂತ ಅಳೋದು. ನಾನು ದಿನಾ ಮನಿಗೇ ಬರ್ತೀನಲ್ಲ.’ ಇದು ನಾನು ಕೇಳಿದ ಅಭಿಪ್ರಾಯಗಳಲ್ಲೆಲ್ಲ ಹೊಸದು, ಸ್ವಲ್ಪ ಹೆದರಿಕೆ ಹುಟ್ಟಿಸಿದ್ದೂ ಇದೇ. ಸತ್ಯನ ಕಾಲದಲ್ಲಿ ರೌಡಿಯಾಗುವುದು ಎಂದರೆ ಮನೆಯಿಂದ ಹೊರಗೆ ಬೀಳುವುದು. ಚಿತ್ರ ನಿಂತಿರುವುದೇ ಆ ನಂಬಿಕೆಯ ಮೇಲೆ. ಈ ಹುಡುಗನಿಗೆ ಹೊರಗೆ ಬೀಳುವ ಅಗತ್ಯವೇ ಇಲ್ಲ. ಅವನು ರಾತ್ರಿ ಬಂದು, ಕಾಲು ತೊಳೆದು, ಅದೇ ಅಡುಗೆಮನೆಯಲ್ಲಿ ಕೂತು ಊಟ ಮಾಡುತ್ತಾನೆ.

ಅವನ ಅತ್ತಿಗೆ ಗದಗಿನವರು, ಆ ಮನೆಯ ಹಿರಿಸೊಸೆ. ಬಾಗಿಲಲ್ಲಿ ನಿಂತು ಸೊಪ್ಪು ಬಿಡಿಸುತ್ತ ನಮ್ಮ ಮಾತು ಕೇಳಿಸಿಕೊಂಡರು. ಹುಡುಗ ಫೋನು ಬಂತೆಂದು ಎದ್ದು ಹೋದ ಮೇಲೆ ನನಗೆ ಅಂದರು, ‘ಖರೆ, ದಿನಾ ಬರ್ತಾನರೀ ಅಣ್ಣಾರ. ಹನ್ನೆರಡಕ್ಕ ಬರ್ತಾನ, ಒಂದಕ್ಕ ಬರ್ತಾನ. ಅಲ್ಲಿತನಕ ಮಾವನವರು ಪಡಸಾಲ್ಯಾಗ ದೀಪಾ ಆರಿಸಿ ಕುಂತಿರತಾರ. ಗಾಡಿ ಸಪ್ಪಳ ಕೇಳಿದ ಕೂಡಲೆ ಎದ್ದು ಒಳಗ ಹೋಗಿ ಮಲಕೊಂಡವರಂಗ ಮಾಡತಾರ. ನಿಮ್ಮ ಓಂ ಸಿನಿಮಾದಾಗ ಬಡದಾಡಿದವರನ್ನ ಅಷ್ಟು ತೋರಸ್ಯಾರಲ್ಲ, ಈ ಕತ್ತಲಾಗ ಕುಂತವರನ್ನ ಎಷ್ಟು ಹೊತ್ತು ತೋರಸ್ಯಾರ ಹೇಳ್ರಿ?’